ಸ್ಕೋರ್ ಮೇಜಿನ ಹಿಂದೆ ನಿಂತು ನೋಡಿದ ಟೆಟ್ರಿಸ್

ಟೆಟ್ರಿಸ್ ಅಂದರೆ ಮೇಲಿಂದ ಬೀಳುವ ತುಂಡುಗಳನ್ನು ಜೋಡಿಸಿ, ಅಡ್ಡ ಸಾಲು ತುಂಬಿಸಿ ಅಳಿಸುವ ವಿಡಿಯೊ ಗೇಮ್. ಲೆವೆಲ್ ಏರಿದ ಹಾಗೆ ತುಂಡು ಬೀಳುವ ವೇಗವೂ ಏರುತ್ತದೆ. ಹಳೆ ಟೆಟ್ರಿಸ್ ಟೂರ್ನಮೆಂಟ್‌ನಲ್ಲಿ ಆಡುವಷ್ಟು ಚೆನ್ನಾಗಿ ನಾನು ಆಡುವುದಿಲ್ಲ. ಲೆವೆಲ್ 18 ಹೇಗೋ ದಾಟುತ್ತೇನೆ. 19 ಶುರುವಾದ ಸ್ವಲ್ಪ ಹೊತ್ತಿಗೆ ತುಂಡುಗಳು ಮೇಲಿನವರೆಗೂ ತುಂಬಿ ಆಟ ಮುಗಿಯುತ್ತದೆ. ಅರ್ಹತಾ ಸುತ್ತು ದಾಟುವ ಮಾತೇ ಇಲ್ಲ. ಆದರೆ ಆ ಜನರನ್ನು ನೋಡಬೇಕು, ಅವರ ಕೈ ಹತ್ತಿರದಿಂದ ನೋಡಬೇಕು ಅನ್ನುವ ಆಸೆ ಬಹಳ ಕಾಲದಿಂದ ಇತ್ತು. ಅದಕ್ಕೇ ವಾಲಂಟಿಯರ್ ಆಗಿ ಹೆಸರು ಕೊಟ್ಟೆ.

ಫಾರ್ಮ್‌ನಲ್ಲಿ ಯಾವ ಕೆಲಸ ಬೇಕು ಅಂತ ಕೇಳಿದ್ದರು. ಕಾಮೆಂಟರಿ, ಲೈವ್ ಸ್ಟ್ರೀಮ್, ಸ್ಕೋರ್ ಬರೆಯುವುದು, ಸಾಮಾನು ಜೋಡಿಸುವುದು. ಕಾಮೆಂಟರಿಗೆ ಟಿಕ್ ಹಾಕಿದವರು ಸಾಲುಗಟ್ಟಿ ನಿಂತಿದ್ದರಂತೆ. ಟಿವಿ ಎತ್ತುವುದಕ್ಕೆ ಅಂಥ ಪೈಪೋಟಿ ಇರಲಿಲ್ಲ. ನಾನು ಕೊನೆಯ ಎರಡಕ್ಕೆ ಟಿಕ್ ಹಾಕಿದೆ. ತಕ್ಷಣ ಉತ್ತರ ಬಂತು: ಹಿಂದಿನ ದಿನವೇ ಬನ್ನಿ, ಗಟ್ಟಿ ಶೂ ಹಾಕಿಕೊಂಡು ಬನ್ನಿ.

ಶೂ ಯಾಕೆ ಅಂತ ಹೋದ ಮೇಲೆ ಗೊತ್ತಾಯಿತು. ಸಭಾಂಗಣದ ಒಂದು ಮೂಲೆಯಲ್ಲಿ ಹಳೆ ಪಿಕ್ಚರ್ ಟ್ಯೂಬ್ ಟಿವಿಗಳ ರಾಶಿಯೇ ಇತ್ತು. ಒಂದೊಂದೂ ಇಬ್ಬರು ಸೇರಿ ಎತ್ತುವಷ್ಟು ಭಾರ. ಭಾರವೆಲ್ಲ ಮುಂದಿನ ಗಾಜಿನಲ್ಲೇ ಇರುತ್ತದೆ, ಹಿಂದಿನ ಡಬ್ಬ ಹೆಚ್ಚುಕಡಿಮೆ ಖಾಲಿ. ಹಾಗಾಗಿ ಗಾಜನ್ನು ಎದೆಗೆ ಒತ್ತಿಕೊಂಡು ಎತ್ತಬೇಕು. ಉಲ್ಟಾ ಹಿಡಿದರೆ ಟಿವಿ ಮುಂದಕ್ಕೆ ವಾಲಿ ಕಾಲ ಮೇಲೆ ಬೀಳುತ್ತದೆ. ಇದನ್ನು ಹೇಳಿಕೊಟ್ಟವರು ನನಗಿಂತ ವಯಸ್ಸಾದ ಒಬ್ಬ ಹೆಂಗಸು. ಸಾಮಾನಿನ ಜವಾಬ್ದಾರಿ ಪೂರ್ತಿ ಅವರದ್ದೇ. ಯಾವ ಟಿವಿಯ ಬಣ್ಣ ಸ್ವಲ್ಪ ಹಸಿರಿಗೆ ತಿರುಗುತ್ತದೆ, ಯಾವುದರ ಚಿತ್ರ ಎಡಕ್ಕೆ ಜರುಗಿದೆ, ಎಲ್ಲ ಅವರಿಗೆ ಬಾಯಿಪಾಠ.

ಈ ಕಾಲದಲ್ಲೂ ಈ ಟಿವಿಗಳೇ ಯಾಕೆ ಬೇಕು ಅಂತ ಹೊಸಬರು ಕೇಳುತ್ತಲೇ ಇರುತ್ತಾರೆ. ಹಳೆ ನೆನಪಿನ ಮೋಹ ಅಂತ ಅಂದುಕೊಳ್ಳುತ್ತಾರೆ. ಅದೂ ಒಂಚೂರು ಇರಬಹುದು, ಆದರೆ ನಿಜವಾದ ಕಾರಣ ಬೇರೆ. ಹೊಸ ಫ್ಲ್ಯಾಟ್ ಟಿವಿ ಹಳೆ ಕನ್ಸೋಲ್‌ನ (ಟಿವಿಗೆ ಜೋಡಿಸಿ ಆಡುವ ಗೇಮ್ ಯಂತ್ರದ) ಸಿಗ್ನಲ್ ತೆಗೆದುಕೊಂಡು, ಅದನ್ನು ದೊಡ್ಡದು ಮಾಡಿ, ತಿದ್ದಿ, ಆಮೇಲೆ ತೋರಿಸುತ್ತದೆ. ಅಷ್ಟರಲ್ಲಿ ಕೆಲವು ಫ್ರೇಮ್, ಅಂದರೆ ಆಟದ ಬಿಡಿ ಬಿಡಿ ಚಿತ್ರಗಳು, ಕಳೆದಿರುತ್ತವೆ. ಪಿಕ್ಚರ್ ಟ್ಯೂಬ್‌ನಲ್ಲಿ ಆ ತಡ ಇಲ್ಲ. ಸಿಗ್ನಲ್ ಬಂದ ಹಾಗೇ ಗಾಜಿನ ಮೇಲೆ ಬೀಳುತ್ತದೆ. ಈ ಆಟ ಸೆಕೆಂಡಿಗೆ ಸುಮಾರು 60 ಫ್ರೇಮ್ ಓಡುತ್ತದೆ. ಲೆವೆಲ್ 18ರಲ್ಲಿ ತುಂಡು 3 ಫ್ರೇಮ್‌ಗೆ ಒಂದು ಸಾಲು ಇಳಿಯುತ್ತದೆ. 19ರಲ್ಲಿ 2 ಫ್ರೇಮ್‌ಗೆ. ಟಿವಿ 4 ಫ್ರೇಮ್ ತಡ ಮಾಡಿದರೆ ನೀವು ನೋಡುತ್ತಿರುವ ತುಂಡು ನಿಜಕ್ಕೂ ಎರಡು ಸಾಲು ಕೆಳಗಿದೆ ಅಂತ ಅರ್ಥ. ಹಾಗೆ ಯಾರಾದರೂ ಆಡೋಕಾಗುತ್ತಾ?

ಕನ್ಸೋಲ್‌ಗಳ ಕಥೆ ಇನ್ನೊಂದು. ಇಲ್ಲಿ ಆಡುವುದು ನಿಂಟೆಂಡೊ ಕಂಪನಿಯ ಎನ್‌ಇಎಸ್ ಅನ್ನುವ ಕನ್ಸೋಲ್‌ನಲ್ಲಿ. ಅದರ ಹಳೆ ಮಾದರಿಯಲ್ಲಿ ಕಾರ್ಟ್ರಿಡ್ಜ್ (ಆಟ ತುಂಬಿದ ಡಬ್ಬಿ) ಮುಂದಿನಿಂದ ಒಳಗೆ ತಳ್ಳಿ ಕೆಳಕ್ಕೆ ಒತ್ತಬೇಕು. ಒಳಗಿನ 72 ಪಿನ್‌ಗಳ ಕನೆಕ್ಟರ್ ಸವೆದಿದ್ದರೆ ಕೆಂಪು ದೀಪ ಮಿನುಗುತ್ತಲೇ ಇರುತ್ತದೆ, ಪರದೆಯೂ ಅದರ ಜೊತೆ ಮಿನುಗುತ್ತದೆ. ಒಳಗಿನ ಲಾಕ್ ಚಿಪ್‌ಗೆ ಕಾರ್ಟ್ರಿಡ್ಜ್‌ನ ಗುರುತು ಸಿಗದೆ ಅದು ಕನ್ಸೋಲನ್ನು ಮತ್ತೆ ಮತ್ತೆ ರೀಸೆಟ್ ಮಾಡುತ್ತಿರುತ್ತದೆ ಅಷ್ಟೇ. ಚಿಕ್ಕವರಿದ್ದಾಗ ಎಲ್ಲರೂ ಕಾರ್ಟ್ರಿಡ್ಜ್ ಬಾಯಿಗೆ ಹಿಡಿದು ಉಫ್ ಅಂತ ಊದುತ್ತಿದ್ದೆವು. ಆ ಎಂಜಲಿನ ತೇವಕ್ಕೆ ಪಿನ್ ಕಿಲುಬು ಹಿಡಿಯುತ್ತದೆ. ಇಲ್ಲಿ ಯಾರಾದರೂ ಊದಲು ಹೋದರೆ ಆ ಹೆಂಗಸು ದೂರದಿಂದಲೇ ಕೂಗುತ್ತಿದ್ದರು. ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಅದ್ದಿದ ಹತ್ತಿ ಕಡ್ಡಿಯಿಂದ ಪಿನ್ ಒರೆಸುವುದು ನನ್ನ ಕೆಲಸವಾಯಿತು. ಹತ್ತಿ ಬೂದು ಬಣ್ಣಕ್ಕೆ ತಿರುಗುತ್ತದೆ, ಅದನ್ನು ಎಸೆದು ಹೊಸದು ತೆಗೆಯಬೇಕು. ಹತ್ತಿ ಬೆಳ್ಳಗೆ ಉಳಿಯುವವರೆಗೂ ಒರೆಸಬೇಕು. ಬೇಜಾರಿನ ಕೆಲಸ ಅಂತ ಅನ್ನಿಸಬಹುದು. ನನಗೆ ಯಾಕೋ ಬಹಳ ಹಿಡಿಸಿತು.

ಸಂಜೆ ಹೊತ್ತಿಗೆ ಒಂದು ಟಿವಿಯ ಮೂಲೆ ನೇರಳೆ ಬಣ್ಣಕ್ಕೆ ತಿರುಗಿತ್ತು. ಯಾರೋ ಅದರ ಪಕ್ಕದಲ್ಲೇ ದೊಡ್ಡ ಸ್ಪೀಕರ್ ಇಟ್ಟಿದ್ದರು. ಸ್ಪೀಕರ್‌ನ ಆಯಸ್ಕಾಂತಕ್ಕೆ ಟ್ಯೂಬ್‌ನ ಬಣ್ಣ ಕೆಡುತ್ತದೆ. ಸ್ಪೀಕರ್ ದೂರ ಇಟ್ಟು, ಟಿವಿ ಕೊಂಚ ಹೊತ್ತು ಆರಿಸಿ ಮತ್ತೆ ಹಾಕಿದ ಮೇಲೆ ಸರಿಹೋಯಿತು.

ಮರುದಿನ ಬೆಳಗ್ಗೆ ಅರ್ಹತಾ ಸುತ್ತು. ಇದು ಟೂರ್ನಮೆಂಟ್‌ನ ಜೀವಾಳ ಅಂತ ನನ್ನ ಅಭಿಪ್ರಾಯ. ಫೈನಲ್ ನೋಡಲು ಎಲ್ಲರೂ ಸೇರುತ್ತಾರೆ, ನಿಜ. ಆದರೆ ಅರ್ಹತಾ ಸುತ್ತಿನಲ್ಲಿ ಮಹಾ ಆಟಗಾರರೂ ನನ್ನಂಥವರೂ ಒಂದೇ ಸಾಲಿನಲ್ಲಿ ಕೂರುತ್ತಾರೆ. ಪ್ರತಿಯೊಬ್ಬರಿಗೂ ಒಂದಿಷ್ಟು ಸಮಯ. ಅಷ್ಟರಲ್ಲಿ ಎಷ್ಟು ಆಟ ಬೇಕಾದರೂ ಆಡಬಹುದು. ಅತಿ ಹೆಚ್ಚಿನ ಸ್ಕೋರ್ ಲೆಕ್ಕಕ್ಕೆ ಬರುತ್ತದೆ.

ಸ್ಕೋರ್ ಬರೆಯುವವರ ಕೆಲಸ ಸುಲಭ ಅಂತ ಕಾಣುತ್ತದೆ. ಕಾಗದ, ಪೆನ್ನು, ಫೋಟೊ ತೆಗೆಯಲು ಫೋನು. ಆದರೆ ಈ ಆಟಕ್ಕೆ ತನ್ನದೇ ಆದ ವಕ್ರಬುದ್ಧಿ ಇದೆ. ಮೆನುವಿನಲ್ಲಿ ಲೆವೆಲ್ 9ರವರೆಗೆ ಮಾತ್ರ ಕಾಣುತ್ತದೆ. 18ರಿಂದ ಶುರು ಮಾಡಬೇಕಾದರೆ 8ರ ಮೇಲೆ ನಿಂತು ಎ ಬಟನ್ ಒತ್ತಿ ಹಿಡಿದು ಸ್ಟಾರ್ಟ್ ಒತ್ತಬೇಕು. ಆಗ 10 ಸೇರಿಕೊಳ್ಳುತ್ತದೆ. ಗಾಬರಿಯಲ್ಲಿ ಎ ಸರಿಯಾಗಿ ಒತ್ತದವರ ಆಟ 8ರಿಂದಲೇ ಶುರುವಾಗಿಬಿಡುತ್ತದೆ. ಹಾಗಾದಾಗ ನಾವು ಭುಜ ತಟ್ಟಿ ಹೇಳಬೇಕು.

ಆಟ ಮುಗಿದಾಗ ಮೇಲಿಂದ ಪಟ್ಟಿಗಳು ಇಳಿದು ಅಂಕಣ ಮುಚ್ಚುತ್ತವೆ, ಸ್ಕೋರ್ ಬಲಗಡೆ ಹಾಗೇ ನಿಂತಿರುತ್ತದೆ. ಆಗ ಆಟಗಾರ ಕಂಟ್ರೋಲರ್ ತೊಡೆಯ ಮೇಲಿಟ್ಟು ಕೈ ಎತ್ತಬೇಕು. ನಾವು ಬಂದು ಫೋಟೊ ತೆಗೆದು ಬರೆದುಕೊಳ್ಳುವವರೆಗೆ ಸ್ಟಾರ್ಟ್ ಮುಟ್ಟುವ ಹಾಗಿಲ್ಲ. ಮುಟ್ಟಿದರೆ ಸ್ಕೋರ್ ಹೋಯಿತು. ಮನೆಯಲ್ಲಿ ಸಾವಿರಾರು ಸಲ ಆಡಿದವರ ಹೆಬ್ಬೆರಳು ಆಟ ಮುಗಿದ ತಕ್ಷಣ ತಾನಾಗೇ ಸ್ಟಾರ್ಟ್ ಕಡೆ ಹೋಗುತ್ತದೆ. ಒಬ್ಬ ಹುಡುಗ ತನ್ನ ಜೀವನದ ಅತ್ಯುತ್ತಮ ಸ್ಕೋರ್ ಮಾಡಿ, ಖುಷಿಯಲ್ಲಿ ಎದ್ದು ನಿಂತು, ಎದ್ದ ರಭಸಕ್ಕೆ ಸ್ಟಾರ್ಟ್ ಒತ್ತಿಯೇಬಿಟ್ಟ. ಅವನ ಮುಖ ನೋಡೋಕಾಗಲಿಲ್ಲ. ಅದೃಷ್ಟಕ್ಕೆ ಆಟ ಮೊದಲ ಮೂರು ಸ್ಕೋರ್‌ಗಳನ್ನು ಮಾತ್ರ ನೆನಪಿಟ್ಟುಕೊಳ್ಳುತ್ತದೆ, ಅದೂ ಕರೆಂಟ್ ಇರುವವರೆಗೆ. ಆ ಕನ್ಸೋಲ್ ಈಗತಾನೇ ಹಾಕಿದ್ದರಿಂದ ಪಟ್ಟಿಯಲ್ಲಿ ಆಟದ ಜೊತೆಗೇ ಬರುವ ಹಳೆ ಹೆಸರುಗಳಷ್ಟೇ ಇದ್ದವು: 10,000ಕ್ಕೆ ಹೋವರ್ಡ್, 7,500ಕ್ಕೆ ಒಟಾಸಾನ್, 5,000ಕ್ಕೆ ಲಾನ್ಸ್. ಹುಡುಗನ ಸ್ಕೋರ್ ಹೋವರ್ಡ್‌ನ ಮೇಲೆ ಕೂತಿತ್ತು, ಹೆಸರು ಬರೆಯಿರಿ ಅಂತ ಪರದೆ ಕೇಳುತ್ತಿತ್ತು. ಫೋಟೊ ತೆಗೆದುಕೊಂಡೆ. ಮಧ್ಯಾಹ್ನದ ಹೊತ್ತಿಗೆ ಆಗಿದ್ದರೆ ಆ ಪಟ್ಟಿ ದೊಡ್ಡ ಸ್ಕೋರ್‌ಗಳಿಂದ ತುಂಬಿರುತ್ತಿತ್ತು, ಅವನ ಕಥೆ ಮುಗಿಯುತ್ತಿತ್ತು.

ಇನ್ನು ಆಟಗಾರರು. ಅವರನ್ನು ನಾನು ಮೊದಲು ಗುರುತು ಹಿಡಿದಿದ್ದು ಮುಖದಿಂದಲ್ಲ, ಸದ್ದಿನಿಂದ. ಹಿಂದೆ ನಿಂತವರಿಗೆ ಬೆನ್ನು ಕಾಣುತ್ತದೆ, ಕೈಯ ಸದ್ದು ಕೇಳುತ್ತದೆ. ಆ ಸದ್ದು ಮೂರು ಬಗೆ.

ಒಂದು ಬಗೆಯವರು ಸದ್ದೇ ಮಾಡುವುದಿಲ್ಲ. ಇವರು ಡ್ಯಾಸ್ (ಡಿಲೇಡ್ ಆಟೋ ಶಿಫ್ಟ್) ಆಟಗಾರರು. ಎಡ ಅಥವಾ ಬಲ ಬಟನ್ ಒತ್ತಿ ಹಿಡಿದರೆ ತುಂಡು ಒಂದು ಮನೆ ಸರಿದು, 16 ಫ್ರೇಮ್ ಕಾದು, ಆಮೇಲೆ 6 ಫ್ರೇಮ್‌ಗೆ ಒಂದು ಮನೆಯಂತೆ ತಾನೇ ಓಡುತ್ತದೆ. ಆ ಕಾಯುವ ಹೊತ್ತನ್ನು ಮುಂಚೆಯೇ ತುಂಬಿಟ್ಟುಕೊಳ್ಳುವ ಉಪಾಯ ಇವರಿಗೆ ಗೊತ್ತು. ಹಿಂದಿನ ತುಂಡು ಕೂರುವಾಗ ಒತ್ತಿ ಹಿಡಿದ ಬಟನ್ ಬಿಡದೆ ಮುಂದಿನ ತುಂಡಿಗೂ ಅದನ್ನೇ ಮುಂದುವರಿಸುತ್ತಾರೆ. ನಾನೂ ಹೀಗೇ ಆಡುವುದು, ಅಂದರೆ ಆಡಲು ಪ್ರಯತ್ನಿಸುವುದು.

ಇನ್ನೊಂದು ಬಗೆ ಹೈಪರ್‌ಟ್ಯಾಪಿಂಗ್. ಆಟ ತಾನೇ ಓಡಿಸಲಿ ಅಂತ ಕಾಯದೆ ಹೆಬ್ಬೆರಳನ್ನು ನಡುಗಿಸಿ ಸೆಕೆಂಡಿಗೆ 10ಕ್ಕಿಂತ ಜಾಸ್ತಿ ಸಲ ಒತ್ತುತ್ತಾರೆ. ಕಟಕಟ ಅನ್ನುವ ಒಣ ಸದ್ದು. ಆಡುವವರ ಮುಂಗೈ ನರ ಉಬ್ಬಿರುತ್ತದೆ. 1990ರಲ್ಲಿ ನಿಂಟೆಂಡೊ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಗೆದ್ದ ಥಾರ್ ಆಕರ್‌ಲುಂಡ್ ಹೀಗೆ ಆಡುತ್ತಿದ್ದರು. ಆಮೇಲೆ ಬಹಳ ವರ್ಷ ಇದು ಅಪರೂಪವಾಗಿತ್ತು. 2018ರಲ್ಲಿ 16 ವರ್ಷದ ಜೋಸೆಫ್ ಸೇಲಿ, ಏಳು ಸಲ ವಿಶ್ವ ಚಾಂಪಿಯನ್ ಆಗಿದ್ದ ಜೋನಾಸ್ ನ್ಯೂಬಾವರ್ ಅವರನ್ನು ಫೈನಲ್‌ನಲ್ಲಿ ಸೋಲಿಸಿದ ಮೇಲೆ ಹುಡುಗರೆಲ್ಲ ಬೆರಳು ನಡುಗಿಸಲು ಶುರು ಮಾಡಿದರು.

ಮೂರನೆಯದು ರೋಲಿಂಗ್. ಇದನ್ನು ಹತ್ತಿರದಿಂದ ನೋಡುವವರೆಗೆ ನನಗೆ ಅರ್ಥವೇ ಆಗಿರಲಿಲ್ಲ. ಹೆಬ್ಬೆರಳು ಬಟನ್ ಮೇಲೆ ಹಗುರವಾಗಿ ಕೂತಿರುತ್ತದೆ, ಅದು ಒತ್ತುವುದಿಲ್ಲ. ಇನ್ನೊಂದು ಕೈಯ ಬೆರಳುಗಳು ಕಂಟ್ರೋಲರ್‌ನ ಬೆನ್ನ ಮೇಲೆ ಒಂದರ ಹಿಂದೆ ಒಂದು ಬೀಳುತ್ತವೆ. ಪ್ರತಿ ಏಟಿಗೂ ಕಂಟ್ರೋಲರ್ ಮೇಲಕ್ಕೆ ಹಾರಿ ಹೆಬ್ಬೆರಳಿಗೆ ಬಡಿಯುತ್ತದೆ. ತಬಲಾ ಕಲಿತವರು ಬೆರಳು ಉರುಳಿಸಿದ ಹಾಗೆ ಕೇಳಿಸುತ್ತದೆ. ಒಂದು ಉರುಳಿಗೆ ನಾಲ್ಕೈದು ಮನೆ. ಕೆಲವರು ಬೆರಳು ಜಾರಲಿ ಅಂತ ಗ್ಲೌಸ್ ಹಾಕಿಕೊಳ್ಳುತ್ತಾರೆ. ರೋಲಿಂಗ್ ಬಂದ ಮೇಲೆ ಆಟವೇ ಬದಲಾಯಿತು. 18ರಿಂದ ಶುರು ಮಾಡಿದರೆ 230 ಸಾಲು ಮುಗಿದಾಗ ಲೆವೆಲ್ 29 ಬರುತ್ತದೆ. ಅಲ್ಲಿ ತುಂಡು ಒಂದೊಂದು ಫ್ರೇಮ್‌ಗೆ ಒಂದು ಸಾಲು ಇಳಿಯುತ್ತದೆ. 20 ಸಾಲು ಇಳಿಯಲು ಸೆಕೆಂಡಿನ ಮೂರನೇ ಒಂದು ಭಾಗ. ಡ್ಯಾಸ್‌ನಲ್ಲಿ ತುಂಡನ್ನು ಅಂಚಿಗೆ ಮುಟ್ಟಿಸುವಷ್ಟರಲ್ಲಿ ಅದು ಕೆಳಗೆ ಕೂತಿರುತ್ತದೆ. ಅದಕ್ಕೇ 29ನ್ನು ಕಿಲ್ ಸ್ಕ್ರೀನ್ ಅಂತ ಕರೆಯುತ್ತಿದ್ದರು. ರೋಲಿಂಗ್‌ನವರಿಗೆ ಅದು ಇನ್ನೊಂದು ಲೆವೆಲ್ ಅಷ್ಟೇ. 2023ರ ಡಿಸೆಂಬರ್‌ನಲ್ಲಿ 13 ವರ್ಷದ ವಿಲ್ಲಿಸ್ ಗಿಬ್ಸನ್ ಲೆವೆಲ್ 157ರವರೆಗೆ ಹೋದ. ಅಲ್ಲಿ ಆಟವೇ ಹೆಪ್ಪುಗಟ್ಟಿ ನಿಂತುಬಿಟ್ಟಿತು. ಅಷ್ಟು ಮೇಲಿನ ಲೆವೆಲ್‌ಗಳಲ್ಲಿ ಸ್ಕೋರ್ ಕೂಡಿಸುವ ಕೆಲಸ ಒಂದು ಫ್ರೇಮ್‌ನೊಳಗೆ ಮುಗಿಯದೆ ಪ್ರೋಗ್ರಾಂ ದಾರಿ ತಪ್ಪುತ್ತದೆ.

ಮಧ್ಯಾಹ್ನ ಒಬ್ಬ ಹಿರಿಯರು ನನ್ನ ಮೇಜಿಗೆ ಬಂದರು. ಅವರು ಡ್ಯಾಸ್‌ನವರು. 1989ರಲ್ಲಿ ಈ ಕಾರ್ಟ್ರಿಡ್ಜ್ ಹೊಸದಾಗಿ ಬಂದಾಗಲೇ ಆಡಲು ಶುರು ಮಾಡಿದ್ದರಂತೆ. ಅವರ ಮುಂದಿನ ಸಾಲಿನಲ್ಲಿ ಕಾಯುತ್ತಿದ್ದವನು ಹೈಸ್ಕೂಲ್ ಹುಡುಗ. ಹುಡುಗ ಪದೇ ಪದೇ ಕಿವಿ ಉಜ್ಜಿಕೊಳ್ಳುತ್ತಿದ್ದ. "ಈ ಟಿವಿಗಳು ಕಿರುಗುಟ್ಟುವುದು ನಿಲ್ಲಿಸೋಕಾಗಲ್ವಾ?" ಅಂತ ಕೇಳಿದ. ಹಿರಿಯರು, "ಯಾವ ಸದ್ದು?" ಅಂದರು. ಇಬ್ಬರೂ ಸುಳ್ಳು ಹೇಳುತ್ತಿರಲಿಲ್ಲ. ಪಿಕ್ಚರ್ ಟ್ಯೂಬ್ ಟಿವಿಯಿಂದ ಸುಮಾರು 15,700 ಹರ್ಟ್ಸ್‌ನ ಸಣ್ಣ ಶಿಳ್ಳೆ ಹೊರಡುತ್ತಲೇ ಇರುತ್ತದೆ. ವಯಸ್ಸಾದ ಹಾಗೆ ಕಿವಿ ಅದನ್ನು ಕೈಬಿಡುತ್ತದೆ. ಅಲ್ಲಿಂದ ಅವರಿಬ್ಬರ ಮಾತು ಶುರುವಾಗಿದ್ದು ನಿಲ್ಲಲೇ ಇಲ್ಲ. ಹುಡುಗ ತನ್ನ ಕಂಟ್ರೋಲರ್ ಕೊಟ್ಟು ರೋಲಿಂಗ್ ಹಿಡಿಯುವುದು ಹೇಗೆ ಅಂತ ತೋರಿಸಿದ. ಹಿರಿಯರು ಬರಿಯ ಗಾಳಿಯಲ್ಲಿ ಪ್ರಯತ್ನಿಸಿ, ತುಂಬಾ ಗಂಭೀರವಾಗಿ, "ಇದು ಟೆಟ್ರಿಸ್ ಅಲ್ಲ, ಟೈಪಿಂಗ್" ಅಂದರು. ಹುಡುಗ ಬಿದ್ದು ಬಿದ್ದು ನಕ್ಕ.

ಇಲ್ಲಿ ಬಹಳ ಜನ ಒಬ್ಬರಿಗೊಬ್ಬರು ಆನ್‌ಲೈನ್ ಹೆಸರಿನಿಂದಷ್ಟೇ ಪರಿಚಯ. ವರ್ಷಗಟ್ಟಲೆ ಎದುರಾಳಿಗಳಾಗಿ ಆಡಿರುತ್ತಾರೆ, ಮುಖ ನೋಡಿರುವುದಿಲ್ಲ. ಹೆಸರಿನ ಬಿಲ್ಲೆ ಓದಿ ಹೌಹಾರುವುದನ್ನು ನೋಡಬೇಕು. "ನೀನಾ ಅದು! ನೀನು ಇಷ್ಟು ಎತ್ತರ ಇದ್ದೀಯಾ!" ಸ್ಕೋರ್ ಮೇಜಿನಲ್ಲಿ ನಿಂತವರಿಗೆ ಇಂಥ ದೃಶ್ಯ ಪುಕ್ಕಟೆ.

ನಾಕೌಟ್ ಸುತ್ತಿನಲ್ಲಿ ನನಗೆ ಒಂದು ಜೋಡಿ ಟಿವಿಯ ಹೊಣೆ ಕೊಟ್ಟರು. ಇಬ್ಬರನ್ನು ಕರೆಯುವುದು, ಕಂಟ್ರೋಲರ್‌ನಲ್ಲಿ ಟರ್ಬೊ ಬಟನ್ (ಹಿಡಿದರೆ ತಾನೇ ಪದೇ ಪದೇ ಒತ್ತುವಂಥದ್ದು) ಇಲ್ಲ ಅಂತ ನೋಡುವುದು, ಒಟ್ಟಿಗೆ ಶುರು ಮಾಡಿಸುವುದು, ಗೆದ್ದವರ ಹೆಸರು ಬರೆದು ಇಬ್ಬರಿಂದಲೂ ಸಹಿ ಹಾಕಿಸಿಕೊಳ್ಳುವುದು.

ಅಕ್ಕಪಕ್ಕ ಕೂತರೂ ಇಬ್ಬರ ಆಟ ಬೇರೆ ಬೇರೆ. ಒಬ್ಬರು ಇನ್ನೊಬ್ಬರ ಪರದೆಗೆ ಏನೂ ಮಾಡೋಕಾಗಲ್ಲ. ತುಂಡುಗಳೂ ಬೇರೆ ಬೇರೆ ಬರುತ್ತವೆ. ಹೊಸ ಟೆಟ್ರಿಸ್ ಆಟಗಳಲ್ಲಿ ಏಳೂ ತುಂಡುಗಳನ್ನು ಒಂದು ಚೀಲಕ್ಕೆ ಹಾಕಿ ಕಲಸಿ ಕೊಟ್ಟ ಹಾಗೆ ಲೆಕ್ಕ. ಎರಡು ಉದ್ದ ಕಡ್ಡಿಗಳ (ನಾಲ್ಕು ಮನೆಯ ನೇರ ತುಂಡುಗಳ) ನಡುವೆ ಹೆಚ್ಚೆಂದರೆ 12 ತುಂಡು. ಹಳೆಯದರಲ್ಲಿ ಆ ಕರುಣೆ ಇಲ್ಲ. ಅದೇ ತುಂಡು ಮತ್ತೆ ಬಂದರೆ ಒಂದು ಸಲ ಬದಲಾಯಿಸಿ ನೋಡುತ್ತದೆ, ಅಷ್ಟೇ. ಕಡ್ಡಿಗೆ ಬರ ಬಂದರೆ ಎಷ್ಟು ಹೊತ್ತು ಬೇಕಾದರೂ ಬರಬಹುದು. ನಾಲ್ಕು ಸಾಲು ಒಟ್ಟಿಗೆ ಹೊಡೆದರೆ ಲೆವೆಲ್ 18ರಲ್ಲಿ 22,800 ಅಂಕ. ಒಂದು ಸಾಲಿಗೆ ಬರೀ 760. ಹಾಗಾಗಿ ಎಲ್ಲರೂ ಬಲಗಡೆ ಒಂದು ಬಾವಿ, ಅಂದರೆ ಒಂದು ಮನೆ ಅಗಲದ ಖಾಲಿ ಜಾಗ, ಬಿಟ್ಟು ನಾಲ್ಕು ಸಾಲನ್ನೂ ಒಟ್ಟಿಗೆ ತುಂಬುವ ಕಡ್ಡಿಗೆ ಕಾಯುತ್ತಾರೆ. ಕಾಯುವುದರಲ್ಲೇ ಸಾಯುವವರೂ ಇದ್ದಾರೆ.

ನನ್ನ ಜೋಡಿ ಟಿವಿಯಲ್ಲಿ ಒಂದು ಕೈಕೊಟ್ಟಿದ್ದು ಒಂದು ನಿರ್ಣಾಯಕ ಆಟದ ನಡುವೆ. ಎಡಗಡೆಯ ಆಟಗಾರ ಚೆನ್ನಾಗಿ ಮುಂದಿದ್ದ. ಇದ್ದಕ್ಕಿದ್ದ ಹಾಗೆ ಅವನ ಪರದೆ ಮೇಲಿಂದಲೂ ಕೆಳಗಿನಿಂದಲೂ ಕುಗ್ಗಿ ನಡುವೆ ಒಂದೇ ಒಂದು ಬಿಳಿ ಗೆರೆಯಾಯಿತು. ಕನ್ಸೋಲ್ ಆಡುತ್ತಲೇ ಇತ್ತು, ಹಾಡು ಕೇಳುತ್ತಿತ್ತು, ತುಂಡುಗಳು ಬೀಳುವ ಸದ್ದೂ ಬರುತ್ತಿತ್ತು. ಅವನು ಎರಡು ಮೂರು ತುಂಡು ಕುರುಡಾಗಿಯೇ ಹಾಕಿ, ಸ್ಟಾರ್ಟ್ ಒತ್ತಿ ನಿಲ್ಲಿಸಿ, ನನ್ನ ಕಡೆ ತಿರುಗಿದ. ನಾನು ತೀರ್ಪುಗಾರರನ್ನು ಕರೆದೆ. ನಿಯಮ ಸ್ಪಷ್ಟವಾಗಿತ್ತು: ಸಾಮಾನು ಕೆಟ್ಟರೆ ಆ ಆಟ ಹೊಸದಾಗಿ ಆಡಬೇಕು. ನನಗೆ ಆಗಲೂ ಅದು ಸರಿ ಅನ್ನಿಸಲಿಲ್ಲ, ಈಗಲೂ ಅನ್ನಿಸುವುದಿಲ್ಲ. ಆಟ ನಡುವೆ ನಿಲ್ಲಿಸಿಟ್ಟಿದೆ, ಕನ್ಸೋಲ್ ಜೀವಂತ ಇದೆ, ವಿಡಿಯೊ ತಂತಿ ಕಿತ್ತು ಪಕ್ಕದ ಟಿವಿಗೆ ಹಾಕಿದರೆ ಮುಗಿಯಿತು. ಆದರೆ ಮಧ್ಯದಲ್ಲಿ ವಿಶ್ರಾಂತಿ ಸಿಕ್ಕಿದರೆ ಎದುರಾಳಿಗೆ ಅನ್ಯಾಯ ಅಂತ ತೀರ್ಪುಗಾರರ ವಾದ. ಎದುರಾಳಿಯೂ ಬಿಟ್ಟುಕೊಡಲಿಲ್ಲ. ಬಿಟ್ಟುಕೊಡಬೇಕು ಅಂತ ಯಾರೂ ಅವನನ್ನು ಕೇಳಲೂ ಇಲ್ಲ.

ಹೊಸ ಆಟದಲ್ಲಿ ಎಡಗಡೆಯವನಿಗೆ ಕಡ್ಡಿ ಬರಲೇ ಇಲ್ಲ. ಬೇಗ ಸೋತ. ಸಹಿ ಹಾಕಿ ಎದ್ದು ಹೋದ. ಸಿಟ್ಟು ಬಂದಿರುತ್ತದೆ ಪಾಪ ಅಂತ ಸುಮ್ನಿದ್ದೆ. ಸ್ವಲ್ಪ ಹೊತ್ತಿನ ಮೇಲೆ ವಾಪಸ್ ಬಂದ. ಸಿಟ್ಟು ಇತ್ತು, ಆದರೆ ಟಿವಿಯ ಮೇಲೆ. "ಒಂದೇ ಗೆರೆ ಅಂದರೆ ವರ್ಟಿಕಲ್ ಸರ್ಕ್ಯೂಟ್ ಹೋಗಿದೆ. ಬೆಸುಗೆ ಬಿರುಕು ಬಿಟ್ಟಿರುತ್ತದೆ. ಹೊರಡುವ ಮುಂಚೆ ಯಾರೂ ಒಳಗೆ ನೋಡಿಲ್ಲವಾ?" ಅಂತ ನನಗೇ ಪಾಠ ಶುರು ಮಾಡಿದ. ಬಿಸಿಯಾದಾಗ ಬಿರುಕು ಅಗಲವಾಗುತ್ತದೆ, ತಣ್ಣಗಾದ ಮೇಲೆ ಕೂಡಿಕೊಳ್ಳುತ್ತದೆ, ಅದಕ್ಕೇ ಬೆಳಗ್ಗೆ ಪರೀಕ್ಷೆ ಮಾಡಿದಾಗ ಸರಿ ಇತ್ತು ಅಂತ ವಿವರಿಸಿದ. ಸಾಮಾನಿನ ಜವಾಬ್ದಾರಿಯ ಹೆಂಗಸು ಬಂದರು. ಅಲ್ಲೇ ಇಬ್ಬರ ನಡುವೆ ಬೆಸುಗೆಯ ಬಗ್ಗೆ ದೊಡ್ಡ ಚರ್ಚೆಯಾಯಿತು. ಟ್ಯೂಬ್‌ನಲ್ಲಿ ಆರಿಸಿದ ಮೇಲೂ ಅಪಾಯದ ವೋಲ್ಟೇಜ್ ಉಳಿದಿರುತ್ತದೆ, ಇಲ್ಲಿ ಬಿಚ್ಚಬೇಡಿ ಅಂತ ಅವರು ಖಡಕ್ಕಾಗಿ ಹೇಳಿದರು. ಕೊನೆಗೆ ಅವನು ಆ ಟಿವಿಯನ್ನು ರಿಪೇರಿಗೆ ತನ್ನ ಕಾರಿನಲ್ಲೇ ಒಯ್ದ. ಮುಂದಿನ ವರ್ಷ ಅವನ ಮ್ಯಾಚ್ ಅದೇ ಟಿವಿಯಲ್ಲಿ ಬಂದರೆ ತಮಾಷೆಯಾಗಿರುತ್ತದೆ.

ಸೋತವರ ಜೊತೆ ಮಾತಾಡುವ ಅವಕಾಶ ವಾಲಂಟಿಯರ್‌ಗೆ ಸಿಕ್ಕಷ್ಟು ಇನ್ಯಾರಿಗೂ ಸಿಗುವುದಿಲ್ಲ. ಗೆದ್ದವರು ಮುಂದಿನ ಸುತ್ತಿನ ಯೋಚನೆಯಲ್ಲಿ ಹೊರಟುಬಿಡುತ್ತಾರೆ. ಸೋತವರಿಗೆ ಇನ್ನು ಕೆಲಸವಿಲ್ಲ, ಮಾತು ಬೇಕು. ನಾನು ಕಲಿತದ್ದೆಲ್ಲ ಅವರಿಂದಲೇ. ಬಾವಿ ಬಲಗಡೆಯೇ ಯಾಕೆ ಅಂತ ಒಬ್ಬರು ಹೇಳಿಕೊಟ್ಟರು. ಉದ್ದ ಕಡ್ಡಿ ನೆಟ್ಟಗೆ ನಿಲ್ಲಿಸಿದಾಗ ಅದು ನಡುವಿನಿಂದ ಒಂದು ಮನೆ ಬಲಕ್ಕೆ ಇರುತ್ತದೆ. ಬಲ ಅಂಚಿಗೆ 4 ಸಲ ಒತ್ತಿದರೆ ಸಾಕು, ಎಡ ಅಂಚಿಗೆ 5 ಸಲ ಬೇಕು. ವೇಗ ಜಾಸ್ತಿಯಾದಾಗ ಆ ಒಂದು ಒತ್ತಿನಲ್ಲೇ ಆಟ ಉಳಿಯುವುದು, ಹೋಗುವುದು. ಇಷ್ಟು ವರ್ಷ ನಾನೂ ಬಲಗಡೆಯೇ ಬಾವಿ ಬಿಡುತ್ತಿದ್ದೆ, ಎಲ್ಲರೂ ಬಿಡುತ್ತಾರೆ ಅಂತ. ಇನ್ನೊಬ್ಬರು ನನ್ನ ಆಟ ನೋಡಿ, "ಕಡ್ಡಿ ಬರಲ್ಲ ಅಂದಾಗ ಸಾಲು ಸುಟ್ಟುಬಿಡಿ. ಆಸೆ ಬೇಡ" ಅಂದರು. ಅಂದರೆ ನಾಲ್ಕರ ಆಸೆ ಬಿಟ್ಟು ಒಂದೆರಡು ಸಾಲು ಅಳಿಸಿ ಎತ್ತರ ಇಳಿಸಿಕೊಳ್ಳುವುದು.

ಫೈನಲ್ ಹೇಗಿತ್ತು ಅಂತ ಎಲ್ಲರೂ ಕೇಳುತ್ತಾರೆ. ನಾನು ನೋಡಿದ್ದು ಕಮ್ಮಿ. ವೇದಿಕೆಯ ಹಿಂದೆ ಒಂದು ಸಡಿಲ ವಿಡಿಯೊ ತಂತಿ ಇತ್ತು. ಯಾರಾದರೂ ಅದನ್ನು ಎಡವಿದರೆ ಲೈವ್ ಸ್ಟ್ರೀಮ್ ಪೂರ್ತಿ ಕಪ್ಪಾಗುತ್ತಿತ್ತು. ಅದರ ಪಕ್ಕ ಕಾವಲು ನಿಲ್ಲಿ ಅಂದರು. ಜನರ ಕೂಗು ಕೇಳಿ ನಾಲ್ಕು ಸಾಲು ಹೋದವು ಅಂತ, ನಿಟ್ಟುಸಿರು ಕೇಳಿ ಕಡ್ಡಿಗೆ ಬರ ಬಂತು ಅಂತ ತಿಳಿದುಕೊಳ್ಳುತ್ತಿದ್ದೆ. ಉರುಳುವ ಬೆರಳಿನ ಸದ್ದು ಎರಡೂ ಕಡೆಯಿಂದ ಬರುತ್ತಿತ್ತು. ಗೆದ್ದವರು ಯಾರು ಅಂತ ಗೊತ್ತಾಗಿದ್ದು ಹೆಸರು ಕೂಗಿದ ಮೇಲೆಯೇ.

ಆ ಹೈಸ್ಕೂಲ್ ಹುಡುಗ, ಆ ಹಿರಿಯರು, ಟಿವಿ ಒಯ್ದವನು ಎಲ್ಲರೂ ಈಗ ನನ್ನ ಜೊತೆ ಆಗಾಗ ಆನ್‌ಲೈನ್‌ನಲ್ಲಿ ಆಡುತ್ತಾರೆ. ಹುಡುಗ ನನಗೆ ರೋಲಿಂಗ್ ಕಲಿಸುವ ಹಟ ಹಿಡಿದಿದ್ದಾನೆ. ಕಂಟ್ರೋಲರ್ ಹೀಗೆ ಓರೆ ಹಿಡಿ, ಹೆಬ್ಬೆರಳು ಸಡಿಲ ಬಿಡು ಅಂತ ವಿಡಿಯೊ ಮಾಡಿ ಕಳಿಸುತ್ತಾನೆ. ನನ್ನ ಬೆರಳು ಉರುಳುವ ಬದಲು ಒಟ್ಟಿಗೆ ಬೀಳುತ್ತವೆ, ತುಂಡು ಒಂದೇ ಮನೆ ಸರಿಯುತ್ತದೆ. ಹಿರಿಯರಿಗೆ ಮಾತ್ರ ನನ್ನ ಮೇಲೆ ಪೂರ್ತಿ ಭರವಸೆ ಇದೆ, ಡ್ಯಾಸ್ ಆಟಗಾರರ ಸಂಖ್ಯೆ ಸದ್ಯಕ್ಕೆ ಇಳಿಯುವುದಿಲ್ಲ ಅಂತ.